ಲೋಟ ಇಟ್ಟ ಜಾಗ

ಹಾಗಾದರೆ ಈ ಲೋಟ ಎಲ್ಲಿಂದ ಬಂತು?

ಗಂಗಾಶ್ರೀ ಒಂದು ಹೆಜ್ಜೆ ಹಿಂದೆ ಸರಿದಳು. ತಾನು ನಿಂತಿರುವುದು ಬೇರೆ ಯಾರದೋ ಚಿತ್ರದ ಮುಂದೆ ಎಂದುಕೊಂಡರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಬಟ್ಟೆ ಅವಳದೇ. ನೀಲಿ ಚೌಕಳಿಯ ಮೇಜಿನ ಬಟ್ಟೆ, ಅದು ಎಡ ಮೂಲೆಯಲ್ಲಿ ಕೆಳಗೆ ಇಳಿಯುವಲ್ಲಿ ಬಿದ್ದ ಮಡಿಕೆ, ಮಡಿಕೆಯೊಳಗಿನ ಬೂದು ನೆರಳು. ಆ ನೆರಳಿಗೆಂದು ಎಷ್ಟು ಬೆಳಗುಗಳನ್ನು ಕಳೆದಿದ್ದಳೆಂದರೆ ಅದನ್ನು ಕಣ್ಣು ಮುಚ್ಚಿಯೂ ಗುರುತು ಹಿಡಿಯಬಲ್ಲಳು.

ಬಟ್ಟೆಯ ಮೇಲೆ ಮಾತ್ರ ಒಂದು ಸಂಸಾರವೇ ಬಂದು ಕೂತಿತ್ತು. ಸ್ಟೀಲಿನ ಲೋಟ. ಹಿತ್ತಾಳೆ ಚೆಂಬು. ತಟ್ಟೆಯಲ್ಲೊಂದು ನಿಂಬೆಹಣ್ಣು, ತಟ್ಟೆಯಿಂದ ಉರುಳಿದಂತೆ ಇನ್ನೊಂದು. ಚೆಂಬಿನ ಹೊಟ್ಟೆಯ ಮೇಲೆ ಕಿಟಕಿಯೊಂದು ಹೊಳೆಯುತ್ತಿತ್ತು. ಅವಳು ಕೂತು ಬರೆದ ಕೋಣೆಯಲ್ಲಿ ಅಂಥ ಕಿಟಕಿಯೇ ಇರಲಿಲ್ಲ.

"ಎಂತ ಮೇಡಂ, ಖುಷಿ ಆಯ್ತಾ?" ಏಣಿಯ ಮೇಲಿಂದ ತೀರ್ಥೇಶ್ ಕೇಳಿದ. ಸೊರಬದ ಹೈಸ್ಕೂಲೊಂದರ ಡ್ರಾಯಿಂಗ್ ಮೇಷ್ಟ್ರು. ನಿಂತುಹೋದ ಅಕ್ಕಿ ಗಿರಣಿಯ ಮಹಡಿಗೆ ಸುಣ್ಣ ಬಳಿಸಿ, ಗ್ಯಾಲರಿ ಎಂದು ಬೋರ್ಡು ಹಾಕಿ, ಸೊರಬ, ಶಿಕಾರಿಪುರ ಎರಡೂ ತಾಲ್ಲೂಕಿನ ಕಲಾವಿದರನ್ನು ಒಟ್ಟು ಮಾಡಿದವನು ಅವನೇ.

"ಇದು..."

"ಸರ್ಪ್ರೈಸ್ ಅಂತ ಹೇಳಿದ್ರು ನಿಮ್ಮ ಯಜಮಾನ್ರು. ನಾನು ಬಾಯಿ ಬಿಡ್ಲಿಲ್ಲ ನೋಡಿ. ಬೋರ್ಡು ಬರೆಯೋ ಚಂದ್ರಶೇಖರಪ್ಪನೋರು ನಿನ್ನೆ ಸಂಜೆ ತನಕ ಇಲ್ಲೇ ಕೂತು ಮುಗಿಸಿದ್ರು ಮಾರಾಯ್ರೆ. ಸೊಂಟ ನೋವು ಅಂತಿದ್ರು ಪಾಪ."

"ಮುಗಿಸಿದ್ರು," ಎಂದಳು ಗಂಗಾಶ್ರೀ.

"ಹಾಂ. ಬಾಕಿ ಉಳಿದಿತ್ತಲ್ಲ."

ಬಾಕಿ ಏನೂ ಉಳಿದಿರಲಿಲ್ಲ.

ಶಿರಾಳಕೊಪ್ಪದ ಪೇಟೆಯಲ್ಲಿ ಅವಳ ಗಂಡ ಮಲ್ಲಿಕಾರ್ಜುನನದು ಪಾತ್ರೆ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ದಾವಣಗೆರೆಯಲ್ಲಿ ಚಿತ್ರಕಲೆ ಓದಿ ಬಂದ ಸೊಸೆ ಎಂದು ಮದುವೆಯ ಚಪ್ಪರದಲ್ಲಿ ಎಲ್ಲರೂ ಹೇಳಿಕೊಂಡಿದ್ದರು. ಆಮೇಲೆ ರಂಗೋಲಿಯ ಹೊರತು ಅವಳನ್ನು ಯಾರೂ ಏನೂ ಕೇಳಲಿಲ್ಲ. ಅವಳೂ ಏನೂ ಹೇಳಲಿಲ್ಲ. ಮಗಳು ಮದುವೆಯಾಗಿ ಹೋದ ಮೇಲೆ ಒಳಕೋಣೆಯಲ್ಲಿ ಅವಳ ಓದುವ ಮೇಜು ಖಾಲಿ ಉಳಿಯಿತು. ತೀರ್ಥೇಶನ ಬಳಗದವರು ವಸ್ತುಚಿತ್ರಗಳ ಪ್ರದರ್ಶನ ಮಾಡುತ್ತೇವೆ, ಮನೆಯ ಸಾಮಾನು, ಹಣ್ಣು, ಹೂಜಿ, ಅಲ್ಲಾಡದೆ ಕೂತದ್ದು ಯಾವುದಾದರೂ ಸರಿ, ಎಂದಾಗ ಗಂಗಾಶ್ರೀ ಆ ಮೇಜಿನ ಮೇಲೆ ನೀಲಿ ಬಟ್ಟೆ ಹಾಸಿದಳು. ಚೆಂಬು, ಲೋಟ, ತಟ್ಟೆ, ನಿಂಬೆಹಣ್ಣು ಇಟ್ಟಳು. ದಯವಿಟ್ಟು ಯಾರೂ ಮುಟ್ಟಬೇಡಿ ಎಂದಳು.

ಪಾತ್ರೆ ಅಂಗಡಿಯ ಮನೆಯಲ್ಲಿ ಪಾತ್ರೆಯನ್ನು ನೋಡುತ್ತ ಕೂರುವವರು ಯಾರು? ಬೆಳಿಗ್ಗೆ ಚೆಂಬಿನ ಅಂಚು ಎಳೆದಿಟ್ಟು ಬಂದರೆ ಮಧ್ಯಾಹ್ನ ಚೆಂಬು ನೆಂಟರ ಕಾಲಿಗೆ ನೀರು ಕೊಡಲು ಹೋಗಿರುತ್ತಿತ್ತು. "ಎರಡು ನಿಮಿಷ ತಗಂಡ್ರೆ ಸವೀತೈತೇನು?" ಎನ್ನುತ್ತಿದ್ದರು ಅತ್ತೆ ಜಗದಾಂಬ. ನಿಂಬೆಹಣ್ಣು ಚಿತ್ರಾನ್ನಕ್ಕೆ ಸೇರಿತು. ತಟ್ಟೆ ಕೆಳಗೆ ಅಂಗಡಿಗೆ ಇಳಿಯಿತು, ಗಿರಾಕಿಯೊಬ್ಬರಿಗೆ ಅದೇ ಅಳತೆಯದು ಬೇಕಿತ್ತಂತೆ. ಗಂಗಾಶ್ರೀ ಸಿಡುಕಿದಳು, ಬೇಡಿಕೊಂಡಳು, ಕಡೆಗೆ ಸುಮ್ಮನಾದಳು.

ಒಂದು ಬೆಳಿಗ್ಗೆ ಹೋಗಿ ನೋಡಿದರೆ ಮೇಜಿನ ಮೇಲೆ ಏನೂ ಇರಲಿಲ್ಲ. ಅಳುವುದಕ್ಕೆಂದೇ ಕೂತಳು. ಕೂತವಳಿಗೆ ಲೋಟ ಇಟ್ಟ ಜಾಗ ಕಾಣಿಸಿತು. ಬಟ್ಟೆಯ ಮೇಲೆ ನೀರಿನ ಒಂದು ಉಂಗುರ, ಇನ್ನೂ ಪೂರ್ತಿ ಆರದ್ದು. ಚೆಂಬು ಕೂತಿದ್ದಲ್ಲಿ ನೂಲು ತಗ್ಗಿ, ಒಂದು ಮಬ್ಬು ಗುಂಡಿ. ತಟ್ಟೆಯ ಅಂಚು ಒತ್ತಿದ ಗೀರು. ಇದ್ದು ಎದ್ದುಹೋದವುಗಳ ಗುರುತು. ಅವಳು ಅದನ್ನೇ ಬರೆದಳು. ಬರೆಯುತ್ತ ಹೋದಂತೆ ಆ ಮನೆಯಲ್ಲಿ ತಾನು ಕಳೆದ ವರ್ಷಗಳಿಗೆಲ್ಲ ಒಂದು ಆಕಾರವಿದೆ, ಅದು ಹೀಗೇ ದುಂಡಗಿದೆ, ಎಂದು ಅನ್ನಿಸಿತ್ತು.

ಫೋನಿನಲ್ಲಿ ಫೋಟೋ ತೆಗೆದು ನಯನಳಿಗೆ ಕಳಿಸಿದ್ದಳು. ನಯನ ಓದುವಾಗಿನ ಗೆಳತಿ, ಈಗ ಆರ್ಟ್ ಕಾಲೇಜೊಂದರಲ್ಲಿ ಪಾಠ ಮಾಡುತ್ತಾಳೆ. ಮೈಸೂರಿನಲ್ಲಿ ನಡೆಯಲಿರುವ ದೊಡ್ಡ ಪ್ರದರ್ಶನಕ್ಕೆ ಚಿತ್ರ ಆರಿಸುತ್ತಿರುವವಳು. ಉತ್ತರ ಕೂಡಲೇ ಬಂದಿತ್ತು. 'ಇನ್ನು ಕುಂಚ ಮುಟ್ಟಬೇಡ. ಇದು ಮುಗಿದಿದೆ. ಸೊರಬಕ್ಕೆ ನಾನೇ ಬಂದು ನೋಡ್ತೀನಿ, ಮೈಸೂರಿಗೆ ತಗೊಂಡು ಹೋಗ್ತೀನಿ.'

ಈ ವಿಷಯ ಅವಳು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಅದೂ ಮನೆಯ ಸಾಮಾನಾಗಿಬಿಡುತ್ತಿತ್ತು. ಅಂಗಡಿಯ ಗಾಡಿ ಸೊರಬಕ್ಕೆ ಹೊರಟಿದ್ದ ದಿನ ಚಿತ್ರವನ್ನು ಹಳೆಯ ಸೀರೆಯಲ್ಲಿ ಸುತ್ತಿ ತಾನೇ ಗಂಡನ ಕೈಗೆ ಕೊಟ್ಟಿದ್ದಳು.

ಏಣಿಯಿಂದ ಇಳಿದ ತೀರ್ಥೇಶ್, ಕುರ್ಚಿ ಬಂದವೋ ನೋಡುತ್ತೇನೆಂದು ಕೆಳಗೆ ಹೋದ. ಉದ್ಘಾಟನೆಗೆ ಇನ್ನೂ ಹೊತ್ತಿತ್ತು. ಗಂಡ ಮತ್ತು ಅತ್ತೆ ಅಂಗಡಿಯ ಪೂಜೆ ಮುಗಿಸಿ ಕಾರಿನಲ್ಲಿ ಬರುವವರು. ಅವಳೊಬ್ಬಳೇ ಬೆಳಗಿನ ಬಸ್ಸಿಗೆ ಬಂದಿದ್ದಳು. ತನ್ನ ಚಿತ್ರ ಗೋಡೆಯ ಮೇಲೆ ಹೇಗೆ ಕಾಣುತ್ತದೆಂದು ಯಾರೂ ಇಲ್ಲದಾಗ ನೋಡುವ ಆಸೆಗೆ.

ಉರುಳಿಬಿದ್ದ ನಿಂಬೆಹಣ್ಣಿಗೆ ಬೆರಳು ತಾಗಿಸಿದಳು. ಅಂಟಿಕೊಂಡಿತು. ಬೋರ್ಡು ಬರೆಯುವ ಎನಾಮೆಲ್ ಬಣ್ಣ, ಇನ್ನೂ ಒಣಗಿಲ್ಲ. ಅದರ ಕೆಳಗಿನ ತನ್ನ ಬಣ್ಣ ಒಣಗಿ ತಿಂಗಳ ಮೇಲಾಗಿದೆ. ಕಿಟಕಿಯ ಕಟ್ಟೆಯ ಮೇಲೆ ಟರ್ಪೆಂಟೈನ್ ಶೀಶೆ, ಯಾರೋ ಮರೆತುಹೋದಂತೆ, ಅಥವಾ ಅವಳಿಗೆಂದೇ ಇಟ್ಟಂತೆ ಇತ್ತು.

ಕರ್ಚೀಫಿನ ತುದಿ ಅದ್ದಿ ಒರೆಸಿದಳು. ಹಳದಿ ಮೊದಲು ಕೊಚ್ಚೆಯಾಗಿ ಹರಡಿತು. ಇನ್ನೊಮ್ಮೆ ಒರೆಸಿದಾಗ ಅದರಡಿಯಿಂದ ನೀಲಿ ಚೌಕಳಿಯೊಂದು ಮೇಲೆ ಬಂತು. ಮುಳುಗಿದವರ ಬಟ್ಟೆ ನೀರಿನ ಮೇಲೆ ಕಂಡ ಹಾಗೆ. ನಿಂಬೆಹಣ್ಣು, ತಟ್ಟೆ, ಚೆಂಬು, ಆಮೇಲೆ ಲೋಟ. ಬೇಗ ಬೇಗ ಕೈಯಾಡಿಸಿದರೆ ಆದೀತು. ನಯನ ಬರುವಷ್ಟರಲ್ಲಿ ಆದೀತು.

ಕೆಳಗೆ ಹಾರ್ನ್ ಕೇಳಿಸಿತು. ಆ ಹಾರ್ನ್ ಅವಳಿಗೆ ಗೊತ್ತು.

"ಮೆಲ್ಲಕೆ, ಅವ್ವ. ಮೆಟ್ಲು ಕಿರಿದು ಅದಾವೆ." ಮಲ್ಲಿಕಾರ್ಜುನನ ದನಿ ಮೆಟ್ಟಿಲೇರಿ ಬರುತ್ತಿತ್ತು. ಗಂಗಾಶ್ರೀ ಕರ್ಚೀಫನ್ನು ಬ್ಯಾಗಿನೊಳಗೆ ತುರುಕಿದಳು.

ಅವನು ಹೊಸ ಶರ್ಟು ಹಾಕಿದ್ದ. ಬಂದವನೇ ಚಿತ್ರದ ಕಡೆ ನೋಡಲಿಲ್ಲ, ಅವಳ ಮುಖ ನೋಡಿದ.

"ಹೆಂಗೈತೆ?"

"ಯಾಕೆ ಹೀಗೆ..."

"ಇರು, ಇರು. ಹತ್ರ ಬಾ. ಲೋಟ ನೋಡು. ಅಂಚಿನ ಕೆಳಗೆ."

ಬಗ್ಗಿ ನೋಡಿದಳು. ಬಿಳಿ ಚುಕ್ಕಿಗಳು. ಚುಕ್ಕಿ ಸೇರಿ ಅಕ್ಷರವಾಗಿದ್ದವು. ಅಂಗಡಿಯಲ್ಲಿ ಮದುವೆಗೆ, ಗೃಹಪ್ರವೇಶಕ್ಕೆ ಪಾತ್ರೆ ಕೊಂಡವರಿಗೆ ಮಲ್ಲಿಕಾರ್ಜುನ ಮಿಷನ್ ಹಿಡಿದು ಟಿರ್ರೆಂದು ಹೆಸರು ಹಾಕಿಕೊಡುತ್ತಾನೆ. ಕೊಟ್ಟವರ ಹೆಸರು, ತಾರೀಖು, ಪ್ರೀತಿಯ ಕಾಣಿಕೆ. ಅದೇ ಚುಕ್ಕಿ, ಅದೇ ಅಕ್ಷರ. 'ಶ್ರೀಮತಿ ಗಂಗಾಶ್ರೀ ಮ' ಎಂಬಲ್ಲಿಗೆ ಲೋಟದ ಮೈ ತಿರುಗಿಹೋಗಿತ್ತು.

"ಮುಂದಿಂದು ಆ ಕಡೆ ಐತೆ," ಎಂದು ಅವನು ನಕ್ಕ. "ಚಂದ್ರಶೇಖರಪ್ಪನೋರು ನಾ ಬರೀತೀನಿ ಅಂದ್ರು. ನಾನೇ ಬ್ಯಾಡ ಅಂದೆ. ಸೂಜಿ ತುದೀಗೆ ಬಣ್ಣ ಅದ್ದಿ ಇಟ್ಟೀನಿ. ಅಂಗಡ್ಯಾಗೆ ದಿನಾ ಊರೋರ ಹೆಸರು ಹಾಕ್ತೀನಿ. ನಿನ್ನ ಹೆಸರು ಹಾಕಾಕೆ ಕೈ ನಡುಗ್ತಿತ್ತು, ನೋಡು."

ಚುಕ್ಕಿಗಳು ನಿಜಕ್ಕೂ ನಡುಗಿದ್ದವು. 'ಶ್ರೀ'ಯ ಸುತ್ತು ಸ್ವಲ್ಪ ಜಾರಿತ್ತು.

ತಾನು ಸಿಟ್ಟು ಮಾಡಬಹುದಾದಂಥ ಗಂಡನಿದ್ದರೆ ಎಷ್ಟು ಸುಲಭವಿತ್ತು ಎಂದು ಗಂಗಾಶ್ರೀಗೆ ಅನ್ನಿಸಿತು.

"ನಾನೇ ಹೇಳಿದ್ದು ಮಲ್ಲೀಗೆ," ಎಂದರು ಅತ್ತೆ, ಏದುಸಿರು ಬಿಡುತ್ತ, ರೇಷ್ಮೆ ಸೀರೆಯ ಸೆರಗು ಸರಿಪಡಿಸಿಕೊಳ್ಳುತ್ತ. "ಬರೇ ಮೇಜು ತೂಗುಹಾಕಿದ್ರೆ ಜನ ಏನಂದಾರು? ಪಾತ್ರೆ ಅಂಗಡಿ ಮನ್ಯಾಗೆ ಒಂದು ಲೋಟಕ್ಕೂ ಗತಿ ಇಲ್ಲೇನು ಅಂತಾರೆ. ದೀಪ ಹಚ್ಚೋ ಜಾಗ ಬೇರೆ, ಖಾಲಿ ಇರಬಾರ್ದು." ಆಮೇಲೆ ಕಣ್ಣು ಕಿರಿದು ಮಾಡಿದರು. "ಈ ನಿಂಬೆಹಣ್ಣು ಯಾಕವ್ವ ಕೊಳೆತಂಗೈತೆ?"

ಅಷ್ಟರಲ್ಲಿ ಚಂದ್ರಶೇಖರಪ್ಪನವರೂ ಬಂದರು. ಶಿಕಾರಿಪುರದವರು, ನಾಟಕದ ಪರದೆ ಬರೆದು ಹೆಸರಾದವರು. ಎರಡೂ ತಾಲ್ಲೂಕಿನ ಅಂಗಡಿ ಬೋರ್ಡುಗಳಲ್ಲಿ ಅರ್ಧ ಅವರದೇ ಕೈಬರಹ. ಬಗಲ ಚೀಲದಿಂದ ಡಬ್ಬಿ ತೆಗೆದು, "ಅಯ್ಯೋ, ಯಾರೋ ಕೈ ಹಚ್ಚ್ಯಾರೆ. ಹಸಿ ಐತೆ ಅಂತ ಚೀಟಿ ಅಂಟಿಸ್ಬೇಕಿತ್ತು," ಎನ್ನುತ್ತಲೇ ಕುಂಚ ಆಡಿಸಿದರು. ನಿಂಬೆಹಣ್ಣು ಮತ್ತೆ ದುಂಡಗಾಯಿತು. ಮೊದಲಿಗಿಂತ ಹೊಳೆಯಿತು.

"ಟೈಮ್ ಸಿಗ್ಲಿಲ್ಲೇನೋ ಪಾಪ ನಿಮಗೆ," ಎಂದರು ಅವಳತ್ತ ತಿರುಗಿ. "ನಿಮ್ಮ ಬಟ್ಟೆ ಮಡಿಕೆ ಮಾತ್ರ ನಾ ಮುಟ್ಟಿಲ್ಲ ಕಣವ್ವ. ಚಲೋ ಬಂದೈತೆ. ನಡುವೆ ಎಂಥದೋ ನೀರಿನ ಕಲೆ ಬಿದ್ದಿತ್ತು. ಮೊದ್ಲು ಅದನ್ನ ಮುಚ್ಚಿದೆ."

"ದೊಡ್ಡ ಉಪಕಾರ ಆತು, ಯಜಮಾನ್ರೆ," ಎಂದ ಮಲ್ಲಿಕಾರ್ಜುನ.

ಎಲ್ಲರೂ ಅವಳನ್ನು ನೋಡಿದರು. ಅವಳ ಸರದಿಯಾಗಿತ್ತು.

"ಹೌದು," ಎಂದಳು. "ದೊಡ್ಡ ಉಪಕಾರ."

ದೀಪ ಹಚ್ಚಿದ್ದಾಯಿತು. ಭಾಷಣ ಮಾಡಿದವರು, ತುಂಬಿದ ಮನೆಯನ್ನು ತುಂಬಿದ ಮನಸ್ಸಿನಿಂದ ಬರೆದಿದ್ದಾರೆ ನಮ್ಮ ಹೆಣ್ಣುಮಕ್ಕಳು, ಎಂದರು. ಜನ ಚಪ್ಪಾಳೆ ತಟ್ಟಿದರು. ಅಕ್ಕಿ ಗಿರಣಿಯ ತೌಡಿನ ವಾಸನೆ ಸುಣ್ಣವನ್ನೂ ದಾಟಿ ಬರುತ್ತಿತ್ತು. ಚಿಕ್ಕಬೀರಪ್ಪ ಎಂಬುವರು ಬರೆದ ಅನಾನಸ್ ರಾಶಿಯ ಮುಂದೆ ಬೆಳೆಗಾರರ ಒಂದು ಗುಂಪೇ ನಿಂತಿತ್ತು.

"ಇದು ಇನ್ನೂ ಕಾಯಿ ಕಣಾ. ಬಣ್ಣ ನೋಡು."

"ಎಂತ ಕಾಯಿ? ನಾಳೆ ಕೊಯ್ಲಿಲ್ಲ ಅಂದ್ರೆ ಹಾಳು."

ಅವಳ ಚಿತ್ರದ ಮುಂದೆಯೂ ಜನವಿದ್ದರು. ಲೋಟದ ಮೇಲಿನ ಹೆಸರು ಓದುವುದೇ ಒಂದು ಆಟವಾಗಿತ್ತು. ಮಲ್ಲಿಕಾರ್ಜುನ ಕಿರುಬೆರಳಿನಿಂದ ತೋರಿಸುತ್ತಿದ್ದ, ಹಸಿ ಬಣ್ಣಕ್ಕೆ ತಾಗದಷ್ಟು ಅಂತರದಲ್ಲಿ. ಯಾರೋ ಹೆಂಗಸು, "ಮುಟ್ಟಿದ್ರೆ ಠಣ್ ಅನ್ನಂಗೈತೆ," ಎಂದಳು. ಗಂಗಾಶ್ರೀ ಗೋಡೆಗೆ ಒರಗಿ, ಅಭಿನಂದನೆ ಹೇಳಲು ಬಂದವರಿಗೆಲ್ಲ ತಲೆಯಾಡಿಸುತ್ತ ನಿಂತಳು. ತಲೆಯಾಡಿಸುವುದು ಒಮ್ಮೆ ಶುರುವಾದರೆ ಕಷ್ಟವಲ್ಲ. ಬೆರಳ ತುದಿಯಲ್ಲಿ ಹಳದಿ ಹತ್ತಿತ್ತು. ಸೀರೆಯ ನೆರಿಗೆಗೆ ಉಜ್ಜಿದರೂ ಹೋಗಲಿಲ್ಲ.

ನಯನ ಬಂದಾಗ ಮಧ್ಯಾಹ್ನ ದಾಟಿತ್ತು. ತಲೆ ಅರ್ಧ ನರೆತಿತ್ತು, ನಡಿಗೆ ಹಳೆಯದೇ. ಗಂಗಾಶ್ರೀಯ ಎರಡೂ ಕೈ ಹಿಡಿದುಕೊಂಡಳು.

"ನಿಂದು ಎಲ್ಲಿದೆ? ಬೇರೆ ಆಮೇಲೆ. ಮೊದಲು ಅದು."

ಗಂಗಾಶ್ರೀ ಬಾಯಿ ತೆರೆಯುವ ಮೊದಲೇ ಮಲ್ಲಿಕಾರ್ಜುನ ಜನರನ್ನು ಸರಿಸಿ ದಾರಿ ಮಾಡಿದ್ದ. "ಇಲ್ಲೈತೆ ಬರ್ರಿ ಮೇಡಂ."

ನಯನ ನಿಂತು ನೋಡಿದಳು. ಪಕ್ಕದ ಚಿತ್ರ ನೋಡಿದಳು. ಮತ್ತೆ ಇದನ್ನೇ ನೋಡಿದಳು. ಅವಳ ಕಣ್ಣು ಬಟ್ಟೆಯ ಮಡಿಕೆಯ ಮೇಲೆ ಹೋಗಿ ನಿಂತಿದ್ದನ್ನು ಗಂಗಾಶ್ರೀ ಕಂಡಳು. ಫೋಟೋದಲ್ಲಿ ಕಂಡದ್ದನ್ನು ಅಲ್ಲಿ ಗುರುತು ಹಿಡಿದಂತಾಯಿತು.

"ಇದೇನಾ?"

"ಹೂಂ."

"ನೀನು ಕಳಿಸಿದ್ದು?"

ಅತ್ತೆ ಹತ್ತಿರ ಬಂದು ನಿಂತಿದ್ದರು. ಚಂದ್ರಶೇಖರಪ್ಪನವರು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಮಲ್ಲಿಕಾರ್ಜುನನ ಕಿರುಬೆರಳು ಇನ್ನೂ ಲೋಟದ ಬಳಿಯೇ ಇತ್ತು.

"ಅದು... ಆಗ ಅರ್ಧ ಆಗಿತ್ತು," ಎಂದಳು ಗಂಗಾಶ್ರೀ.

"ಓ," ಎಂದಳು ನಯನ.

ಉಳಿದ ಚಿತ್ರಗಳನ್ನೆಲ್ಲ ನಯನ ನಿಧಾನವಾಗಿ ನೋಡಿದಳು. ಕುಪ್ಪಗಡ್ಡೆಯ ಹುಡುಗಿಯೊಬ್ಬಳು ಬರೆದದ್ದೊಂದು ಮೂಲೆಯಲ್ಲಿತ್ತು. ಗೋಡೆಯ ಮೊಳೆಗೆ ತೂಗುಬಿಟ್ಟ ಕುಕ್ಕರಿನ ಗ್ಯಾಸ್ಕೆಟ್, ಅಷ್ಟೇ. ಕಪ್ಪು ರಬ್ಬರಿನ ಬಳೆ, ನಡುವೆ ಸುಣ್ಣದ ಗೋಡೆ. ಯಾರೂ ಅದರ ಮುಂದೆ ನಿಂತಿರಲಿಲ್ಲ. ನಯನ ಬಹಳ ಹೊತ್ತು ನಿಂತು ತೀರ್ಥೇಶನನ್ನು ಕರೆದಳು. ಮೈಸೂರಿಗೆ ಹೋಗುವುದು ಯಾವುದೆಂದು ಗಂಗಾಶ್ರೀಗೆ ತಿಳಿಯಿತು.

ಹೊರಡುವ ಮುನ್ನ ನಯನ ಚಹಾ ಹಿಡಿದು ಅವಳನ್ನು ಮೆಟ್ಟಿಲ ಬಳಿಗೆ ಕರೆದೊಯ್ದಳು.

"ಯಾರು ಮಾಡಿದ್ದು ಅದನ್ನ?"

"ನಾನೇ."

"ಗಂಗಾ."

"ನಾನೇ ಅಂದೆನಲ್ಲ. ಖಾಲಿ ಖಾಲಿ ಅನ್ನಿಸ್ತು."

"ಬೆರಳಿಗೆ ಏನು ಅದು?"

"ಅರಿಸಿನ."

ನಯನ ಗಾಳಿ ಮೂಸಿದಳು. ಟರ್ಪೆಂಟೈನ್ ವಾಸನೆ ಗಂಗಾಶ್ರೀಗೂ ಬಂತು. ಬ್ಯಾಗಿನಿಂದ ಬರುತ್ತಿತ್ತು. ಒಳಗೆ ಮಲ್ಲಿಕಾರ್ಜುನ ಅವ್ವನಿಗೆ ಕುರ್ಚಿ ಹಾಕಿ, ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಕೊಡುತ್ತಿದ್ದ. ಈಗ ಹೇಳಬಹುದಿತ್ತು. ಒಂದೇ ವಾಕ್ಯ. ಹೇಳಿದರೆ ನಡುಗಿದ ಆ ಚುಕ್ಕಿಗಳನ್ನೆಲ್ಲ ಒಂದೊಂದಾಗಿ ಕಿತ್ತಂತಾಗುತ್ತಿತ್ತು.

"ದೀಪಾವಳಿ ತನಕ ಟೈಮ್ ಇದೆ," ಎಂದಳು ನಯನ, ಲೋಟ ಕೆಳಗಿಡುತ್ತ. "ಇನ್ನೊಂದ್ಸಲ ಮಾಡು. ಆ ಹುಡುಗಿ ಚಿತ್ರದ ಪಕ್ಕ ಜಾಗ ಇಟ್ಟಿರ್ತೀನಿ. ಮೇಜು ಹೇಗೂ ಖಾಲಿ ತಾನೆ?"

"ಖಾಲಿನೇ," ಎಂದಳು ಗಂಗಾಶ್ರೀ.

ಆ ದಿನ ಅವಳ ಬಾಯಿಂದ ಬಂದ ಮೊದಲ ನಿಜ ಅದು. ಶಿರಾಳಕೊಪ್ಪದವರೆಗೂ ಅದನ್ನು ಬಿಗಿಯಾಗಿ ಹಿಡಿದುಕೊಂಡು ಬಂದಳು. ಮೇಜು ಖಾಲಿ ಇದೆ. ಬಟ್ಟೆ ಕಪಾಟಿನಲ್ಲಿದೆ. ನಾಳೆ ಬೆಳಿಗ್ಗೆ ಬಟ್ಟೆ ಹಾಸಿ, ನೀರು ತೊಟ್ಟಿಕ್ಕುವ ಲೋಟ ಇಟ್ಟು, ಎತ್ತಿಬಿಟ್ಟರೆ ಸಾಕು. ಉಳಿದದ್ದು ತಾನಾಗಿ ಬರುತ್ತದೆ. ಈ ಸಲ ಚಿತ್ರವನ್ನು ಯಾರ ಕೈಗೂ ಕೊಡುವುದಿಲ್ಲ. ತಾನೇ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗುತ್ತಾಳೆ.

ತೊಡೆಯ ಮೇಲೆ ಈಗ ಇದ್ದದ್ದು ಒಂದು ಚೀಲ. ನೋಡಿ ಬರೆಯಲೆಂದು ಅಂಗಡಿಯಿಂದ ತರಿಸಿಕೊಂಡಿದ್ದ ಸಾಮಾನುಗಳನ್ನು ಚಂದ್ರಶೇಖರಪ್ಪನವರು ವಾಪಸು ಕೊಟ್ಟಿದ್ದರು. ರಸ್ತೆಯ ಗುಂಡಿಗೊಮ್ಮೆ ಚೀಲ ಠಣ್ ಎನ್ನುತ್ತಿತ್ತು.

"ಒಬ್ರು ರೇಟ್ ಕೇಳಿದ್ರು," ಎಂದ ಮಲ್ಲಿಕಾರ್ಜುನ, ಸ್ಟೀರಿಂಗ್ ಮೇಲೆ ತಾಳ ಹಾಕುತ್ತ. "ಮಾರಲ್ಲ ರೀ, ಅದು ನಮ್ಮನೇದು ಅಂದೆ."

"ಚಲೋ ಅಂದಿ," ಎಂದರು ಅತ್ತೆ.

ಪೇಟೆಯಲ್ಲಿ ಸಂತೆಯ ಗಾಡಿಗಳು ಅಡ್ಡ ನಿಂತಿದ್ದವು. ಕಾರಿನಿಂದ ಇಳಿದು ಒಳಗೆ ಬಂದವಳು ಕೈಕಾಲು ತೊಳೆಯಲು ಬಚ್ಚಲಿಗೆ ಹೋದಳು. ಬೆರಳಿಗೆ ಸೋಪು ಹಾಕಿ ತಿಕ್ಕಿದಳು. ಹಳದಿ ಉಗುರ ಸಂದಿಗೆ ಸರಿಯಿತು. ಹೊರಗೆ ಬಂದಾಗ ಒಳಕೋಣೆಯಲ್ಲಿ ಲೈಟು ಉರಿಯುತ್ತಿತ್ತು, ಮಾತು ಕೇಳಿಸುತ್ತಿತ್ತು.

"ತಟ್ಟೆ ಇನ್ನೂ ಹಿಂದಕ್ಕೆ, ಅವ್ವ. ಹಾಂ. ನಿಂಬೆಹಣ್ಣು ಎಡಕ್ಕೆ ಉರುಳಿದಂಗೆ."

ನೀಲಿ ಬಟ್ಟೆ ಹಾಸಿತ್ತು. ಮಡಿಕೆ ಸರಿಯಾದ ಮೂಲೆಯಲ್ಲೇ ಬಿದ್ದಿತ್ತು. ಅತ್ತೆ ಚೀಲದ ಸಾಮಾನುಗಳನ್ನೆಲ್ಲ ತೊಳೆದು ತಂದು ಒಂದೊಂದಾಗಿ ಜೋಡಿಸುತ್ತಿದ್ದರು. ಮಲ್ಲಿಕಾರ್ಜುನ ಫೋನಿನಲ್ಲಿ ಚಿತ್ರದ ಫೋಟೋ ಹಿಡಿದು, ಅದನ್ನೊಮ್ಮೆ ಇದನ್ನೊಮ್ಮೆ ನೋಡುತ್ತಿದ್ದ.

"ಲೋಟ ತಿರುಗಿಸು. 'ಮ' ತನಕ ಕಾಣ್ಬೇಕು. ಅಷ್ಟೇ, ಅಷ್ಟೇ."

ನಿಜವಾದ ಲೋಟದ ಮೇಲೂ ಅವನು ಹೆಸರು ಹಾಕಿದ್ದ. ಇಲ್ಲಿ ಅದು ಪೂರ್ತಿ ಇದ್ದಿರಬೇಕು. ಉಳಿದದ್ದು ಗೋಡೆಯ ಕಡೆಗಿತ್ತು.

"ಪಟ ಬರೋ ತನಕ ಇದಾದ್ರೂ ಇರ್ಲಿ," ಎಂದರು ಅತ್ತೆ. "ನಾಳೆ ಎದುರುಮನೆ ವನಜಮ್ಮ ಬರ್ತಾಳಂತೆ ನೋಡಾಕೆ. ಬಂದಾಗ ಪಟ ಮೇಲೆ, ಇದು ಕೆಳಗೆ."

"ಕಾಫಿ ಮಾಡ್ತೀನಿ," ಎಂದಳು ಗಂಗಾಶ್ರೀ. ದನಿ ಸಹಜವಾಗಿಯೇ ಇತ್ತು. ಲೋಟದ ಕಡೆ ಕೈ ಚಾಚಿದಳು. "ಇದರಲ್ಲೇ ಕೊಡ್ತೀನಿ ನಿಮಗೆ."

"ಅಯ್ಯ, ಅದನ್ನ ಮುಟ್ಟಬ್ಯಾಡ!" ಅತ್ತೆ ಅವಳ ಕೈಯನ್ನು ಮೆಲ್ಲಗೆ ತಡೆದರು. ಪ್ರೀತಿಯಿಂದಲೇ ತಡೆದರು. "ಬೇರೆ ತಗೋ. ಎಷ್ಟು ಬೇಕು ಲೋಟ ನಮ್ಮನ್ಯಾಗೆ! ನೀನೇ ಹೇಳ್ತಿದ್ದಿ ಯಾರೂ ಮುಟ್ಟಬ್ಯಾಡ್ರಿ ಅಂತ. ಆಗ ತಿಳೀಲಿಲ್ಲ ನಂಗೆ. ಇನ್ನು ಯಾರೂ ಮುಟ್ಟಲ್ಲ ತಗೋ."

"ನಿಂಬೆಹಣ್ಣು ಬಾಡ್ತೈತೆ," ಎಂದ ಮಲ್ಲಿಕಾರ್ಜುನ ಯೋಚಿಸುತ್ತ.

"ಬಾಡಿದ್ರೆ ಬದಲಾಯಿಸ್ತಾಳೆ ಬಿಡು. ಮನ್ಯಾಗೇ ಇರ್ತಾಳಲ್ಲ."

ಅವರು ಪಡಸಾಲೆಗೆ ಹೋದರು. ಟಿವಿಯ ದನಿ ಶುರುವಾಯಿತು. ಗಂಗಾಶ್ರೀ ಅಡುಗೆಮನೆಗೆ ಹೋಗಬೇಕಿತ್ತು, ಹೋಗಲಿಲ್ಲ. ಮೇಜಿನ ಮುಂದೆ ನಿಂತಳು. ಚೆಂಬಿನ ಹೊಟ್ಟೆಯ ಮೇಲೆ ಹೊಳೆದದ್ದು ಕಿಟಕಿಯಲ್ಲ, ಬಲ್ಬು. ಅದರ ಪಕ್ಕ ಅಗಲಕ್ಕೆ ಎಳೆದಂತೆ ಒಂದು ಮುಖ.

ಅತ್ತೆ ಲೋಟವನ್ನು ತೊಳೆದಿದ್ದರು, ಒರೆಸಿರಲಿಲ್ಲ. ಅದರ ಅಡಿಯಲ್ಲಿ ಈಗ ಬಟ್ಟೆ ನೀರು ಹೀರುತ್ತಿರಬೇಕು. ನೂಲಿನಿಂದ ನೂಲಿಗೆ ಹರಿದು ದುಂಡಗೆ ಮೂಡುತ್ತಿರಬೇಕು. ಎತ್ತಿದರೆ ಮಾತ್ರ ಕಾಣುವಂಥದ್ದು. ಎತ್ತದೆ ಇದ್ದರೆ ಅಲ್ಲೇ, ಲೋಟದ ಕತ್ತಲೆಯಲ್ಲಿ ಆರಿಹೋಗುವಂಥದ್ದು.

ಬೆರಳುಗಳನ್ನು ಲೋಟದ ಸುತ್ತ ತಂದಳು. ಗೋಡೆಯ ಕಡೆಯ ಚುಕ್ಕಿಗಳು ಒರಟಾಗಿ ತಾಗಿದವು. ಉಳಿದ ಹೆಸರು ಅದೇ ಇರಬೇಕು.

"ಗಂಗಾ," ಪಡಸಾಲೆಯಿಂದ ಮಲ್ಲಿಕಾರ್ಜುನ ಕೂಗಿದ, "ಲೈಟ್ ಆರಿಸಬ್ಯಾಡ ಅಲ್ಲಿ. ಇರ್ಲಿ, ಚೆಂದ ಕಾಣ್ತೈತೆ."

"ಇಲ್ಲ," ಎಂದಳು.

ಲೋಟ ಹಗುರವಾಗಿತ್ತು, ಖಾಲಿ ಲೋಟ. ಅವಳು ಅದನ್ನು ಎತ್ತಲಿಲ್ಲ, ಬಿಡಲೂ ಇಲ್ಲ. ಉಗುರ ಸಂದಿಯ ಹಳದಿ, ಸ್ಟೀಲಿನ ಮೇಲೆ, ಉರುಳಿಬಿದ್ದ ನಿಂಬೆಹಣ್ಣಿನ ಬಣ್ಣಕ್ಕೆ ಸರಿಯಾಗಿ ಹೊಂದಿಕೊಂಡಿತ್ತು.